ಸೂಜಿಗೆ ಮುಂಚಿನ ಪ್ರಶ್ನೆ

ಬೆಲ್ಲದ ಕೊಪ್ಪರಿಗೆ ತಾಗಿ ಕೈ ಸುಟ್ಟುಕೊಂಡ ಶಂಕ್ರೆವ್ವ ಜಮಖಂಡಿ ದವಾಖಾನೆಯ ಕಟ್ಟೆಯ ಮೇಲೆ ಸರದಿ ಕಾಯುತ್ತಿದ್ದಳು. ಬೆನ್ನ ಹಿಂದೆ ಪಾರಿಸಪ್ಪ ಮತ್ತು ಮುಂಬಯಿಯಿಂದ ಬಂದ ಅವನ ತಮ್ಮ ಬಂಡು ಕೂತಿದ್ದರು. ಒಳಗೆ ಅವರ ತಾಯಿ ನರಳುತ್ತಿದ್ದಳು.

“ಸೂಜಿ ಮಾಡಿ ತಾಸ ಆಗಿಲ್ಲ. ಮದಲ ಸಂಜೀತನಕಾ ನಿದ್ದಿ ಮಾಡತಿದ್ಲು.”

“ಅಫೀಮಿನ ಔಷಧ ಅಣ್ಣಾ. ಮೈ ಅದಕ್ಕ ಒಗ್ಗೇತಿ.”

“ನಿನಗ ಹೆಂಗ ಗೊತ್ತು?”

“ಮುಂಬಯ್ಯಾಗ ಔಷಧದ ಪ್ರಯೋಗಶಾಲೆಯಾಗ ನನ್ನ ಕೆಲಸಾನ ಅದು. ಮನ್ಯಾಗ ಹೇಳಿಲ್ಲ. ಇಲಿಗಿ ಈ ಔಷಧ ಚುಚ್ಚಿ ಬಾಲಕ್ಕ ಬಿಸಿ ತಾಗಸ್ತೇವಿ. ಮದಲ ಸುಮ್ಮನಿರತೈತಿ. ದಿನಾ ಚುಚ್ಚಿದರ, ಅಷ್ಟ ಔಷಧ ಕೊಟ್ಟರೂ ಬಾಲ ಜಗ್ಗಿಕೋತೈತಿ.”

ಶಂಕ್ರೆವ್ವ ಸುಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಮೆಲ್ಲಕ ಮಾತಾಡು. ನೀರ ಸೋಸಿ ಕುಡಿಯೂ ಜೈನರು ನಾವು. ಪ್ರತಿ ಸೂಜಿಗೂ ಅವ್ವ ಕೇಳತಾಳ, ಇದರಾಗ ಜೀವಹಿಂಸಾ ಇಲ್ಲ ಹೌದಲ್ಲೋ ಅಂತ. ಇಲ್ಲ ಅಂದಮ್ಯಾಲೇನ ತೋಳ ಚಾಚತಾಳ.”

ಪಾರಿಸಪ್ಪ ತಮ್ಮನತ್ತ ಬಾಗಿದ.

“ಹೆಚ್ಚಿಗಿ ಹಾಕ್ರಿ ಅಂತ ಡಾಕ್ಟರಿಗೆ ಹೇಳೂಣೇನು?”

“ನೋವು ನಿಲ್ಲತೈತಿ. ಇಲಿಗೋಳದು ಒಮ್ಮೊಮ್ಮಿ ಉಸರೂ ನಿಂತೈತಿ.”

ಒಳಗಿಂದ ಡಾಕ್ಟರು ಕರೆದರು. ಅಣ್ಣ ತಮ್ಮ ಇಬ್ಬರೂ ಎದ್ದರು.

“ಅಣ್ಣಾ, ಇವತ್ತ ಸೂಜಿ ಮಾಡೂಮುಂದ ಅವ್ವಗ ಏನ ಹೇಳಿದಿ?”

“ಏನೂ ಹೇಳಲಿಲ್ಲ. ಆಕಿ ಕೇಳಲಿಲ್ಲ. ತಾನಾಗೇ ತೋಳ ಚಾಚಿದಳು.”

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಇಬ್ಬರೂ ಒಳಗೆ ಹೋದರು.