ಕಿಟಕಿ ಮಟ್ಟದ ನೀರು

ನೆರೆ ಇಳಿದ ಮರುದಿನ, ಆಸ್ಪತ್ರೆಯ ತುರ್ತು ವಿಭಾಗದ ಹೊರಗೆ ಅಕ್ಕ ತಮ್ಮ ಇಬ್ಬರು ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಅಕ್ಕನ ಪಾದಗಳಲ್ಲಿ ಇನ್ನೂ ಕೆಸರಿತ್ತು.

"ನದಿ ಉಕ್ಕಿದ್ರೆ ನೀರು ಎಲ್ಲೀವರೆಗೆ ಬರುತ್ತೆ ಅಂತ ನಕ್ಷೆ ಮಾಡೋದೇ ಅಲ್ವೇನೋ ನಿನ್ನ ಕೆಲಸ?"

"ಹೂಂ."

"ನಮ್ಮ ಮನೆ ಅದರಲ್ಲಿತ್ತಾ?"

"ಇತ್ತು ಅಕ್ಕ. ಕಿಟಕಿ ಮಟ್ಟಕ್ಕೆ ಬರುತ್ತೆ ಅಂತ ಲೆಕ್ಕ ಹಾಕಿದ್ದೆ. ಅಷ್ಟೇ ಬಂತು. ಆಫೀಸಲ್ಲಿ ಎಲ್ಲರೂ ಹೊಗಳಿದ್ರು."

"ನಿನ್ನ ಭಾವ ಒಳಗೆ ಉಸಿರಿಗೆ ಒದ್ದಾಡ್ತಿದ್ದಾರೆ."

ತಮ್ಮ ಕೈಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡ.

"ನಾವು ಮನೆ ಕೊಳ್ಳೋ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ನಕ್ಷೆ ಇನ್ನೂ ಹೊರಗೆ ಬಂದಿರ್ಲಿಲ್ಲ. ಬಾಯಿ ಬಿಟ್ಟಿದ್ರೆ ಕೆಲಸ ಹೋಗ್ತಿತ್ತು."

"ನಿನ್ನ ಮಾವನಿಗೂ ಹೇಳ್ಲಿಲ್ವಾ?"

"ಅವರಿಗೆ ಒಂದು ಮಾತು ಹೇಳಿದ್ದೆ. ವಯಸ್ಸಾದವರು."

"ಅದಕ್ಕೇ ಅವರು ಆ ಮನೆ ನಮಗೆ ಮಾರಿದ್ದು."

"ನೀವೇ ಆಸೆಪಟ್ಟು ಕೇಳಿದ್ರಿ ಅಕ್ಕ."

"ನನ್ನ ಬೆನ್ನಿಗೆ ಹುಟ್ಟಿದವನು ನೀನು. ಭಾವನಿಗೆ ಮಂಡಿನೋವು, ಕೆಳಗಿನ ಕೋಣೆಯಲ್ಲೇ ಮಲಗಲಿ ಅಂತ ಮಂಚ ಹಾಕಿಸಿದವನೂ ನೀನೇ."

ಬಾಗಿಲು ತೆರೆದು ನರ್ಸ್ ಕೇಳಿದಳು, "ನೀರಲ್ಲಿ ಸಿಕ್ಕಿದ ಪೇಷೆಂಟ್ ಕಡೆಯವರು ಯಾರು?"

ಇಬ್ಬರೂ ಎದ್ದರು.

"ನೀನು ಕೂತ್ಕೋ. ನೀನು ನಿನ್ನ ಮಾವನ ಕಡೆಯವನು."

ಅಕ್ಕ ಒಳಗೆ ಹೋದಳು. ಬಾಗಿಲು ಮುಚ್ಚಿತು. ತಮ್ಮ ಫೋನ್ ತೆಗೆದು ಕಿವಿಗಿಟ್ಟುಕೊಂಡ.

"ಮಾವ, ಅಕ್ಕನಿಗೆ ಗೊತ್ತಾಗಿಹೋಯ್ತು," ಎನ್ನುತ್ತಾ ಮೆಟ್ಟಿಲಿಳಿದು ಹೋದ.