ಹೆಸರಿನ ಹೊರಗೆ ಬಿದ್ದ ಅಲರ್ಜಿ

ಮುಂಬಯಿಯ ವಡಾಲ ಸ್ಟೇಷನ್ನಿನಲ್ಲಿ ಕುರ್ಲಾ ಲೋಕಲ್‌ಗೆ ಕಾಯುತ್ತಿದ್ದ ಅಮ್ಮಣ್ಣಿಯವರಿಗೆ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಸಿತು. ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದ ಹುಡುಗಿ ಆಫೀಸಿನ ಜೊತೆಗಾರನ ಮೇಲೆ ಸಿಡಿಯುತ್ತಿದ್ದಳು.

“ಅಭಿರಾಮ್, ಆಸ್ಪತ್ರೆ ರೆಕಾರ್ಡಿನ ಎಕ್ಸ್‌ಎಂಎಲ್ ಫೈಲಲ್ಲಿ ಪೇಷಂಟ್ ಹೆಸರಿನ ಒಳಗೇ ಅವರ ಅಲರ್ಜಿ ಸೇರಿಸು ಅಂದಿದ್ದೆ. ನಿನ್ನ ಕೋಡ್ ಅದನ್ನ ಹೊರಗೆ, ಫೈಲಿನ ಕೊನೇಲಿ ಅಂಟಿಸಿದೆ.”

“ಫೈಲಲ್ಲಿ ಇದೆಯಲ್ಲ, ಸುಪ್ರಜಾ.”

“ಇದೆ. ಯಾರದು ಅಂತ ಮಾತ್ರ ಇಲ್ಲ. ಡಾಕ್ಟರಿಗೆ ಅಲರ್ಜಿ ಜಾಗ ಖಾಲಿ ಕಾಣಿಸ್ತು, ಪೆನಿಸಿಲಿನ್ ಆಗದ ಹೆಂಗಸಿಗೆ ಅದನ್ನೇ ಕೊಟ್ಟುಬಿಟ್ರು.”

“ಸಾಫ್ಟ್‌ವೇರ್ ಟೆಸ್ಟಿಂಗ್‌ನವರು ನೋಡ್ಬೇಕಿತ್ತು ಕಣೆ.”

“ಆ ಹೆಂಗಸು ಐಸಿಯುನಲ್ಲಿದಾರೆ. ಅವರ ಹೆಸರಾದ್ರೂ ಗೊತ್ತಾ ನಿನಗೆ?”



“ಬದುಕ್ತಾರಾ?”

“ಬೆಳಗ್ಗೆಯಿಂದ ಬೈತಾ ಇದೀನಿ. ಈಗ ಕೇಳ್ತಿದೀಯ.”

ಉತ್ತರಕ್ಕೆ ಅಮ್ಮಣ್ಣಿಯವರೂ ಕಿವಿಗೊಟ್ಟರು. ಅಷ್ಟರಲ್ಲಿ ಅಂಧೇರಿ ಲೋಕಲ್ ಬಂತು. ಸುಪ್ರಜಾ ಲ್ಯಾಪ್‌ಟಾಪ್ ಮುಚ್ಚಿ, ಅವನ ಕಡೆ ತಿರುಗಿಯೂ ನೋಡದೆ ಲೇಡೀಸ್ ಡಬ್ಬಾ ಹತ್ತಿದಳು.