ಡೋಲಿನ ಬಾಯಿ

ಬಸ್ಸಿಗೆ ಕಾಯುತ್ತಿದ್ದ ಸೊಪ್ಪಿನಾಕೆಗೆ, ಪಕ್ಕದಲ್ಲಿ ಕೂತ ಮಾವ-ಅಳಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಮಾವನ ತೊಡೆಯ ಮೇಲೆ ಡೋಲು, ಅಳಿಯನ ತೊಡೆಯ ಮೇಲೆ ಕಂಪ್ಯೂಟರ್.

“ನಮ್ಮ ಬ್ಯಾಂಡಲ್ಲಿ ದೇಶದೇಶದ ವಾದ್ಯಕ್ಕೆ ಕಂಪ್ಯೂಟರ್ ಸದ್ದು ಸೇರಿಸ್ತೀವಿ ಮಾವ. ನಿಮ್ಮ ಡೋಲೂ ರೆಕಾರ್ಡ್ ಆಯ್ತು.”

“ಮತ್ತೆ ವೇದಿಕೇಲಿ ನಾನೇನು ಬಾರಿಸ್ಲಿ?”

“ಸುಮ್ನೆ ಕೈ ಆಡ್ಸಿ. ಸದ್ದು ಮಿಷಿನ್ನಿಂದ ಬರುತ್ತೆ.”

“ಹೊಲದ ಬೆದರುಬೊಂಬೆ ಅನ್ನು!”

“ನೀವು ಖುಷಿ ಬಂದ್ರೆ ತಾಳ ಬಿಟ್ಟು ಓಡ್ತೀರಿ. ಮಿಷಿನ್ ಓಡಲ್ಲ.”

“ಕುಣಿಯೋರ ಕಾಲು ನೋಡಿ ಓಡ್ತೀನಿ ಕಣೋ.”

“ಬೇಡಾಂದ್ರೆ ಹಳೇ ಮೇಳಕ್ಕೆ ಹೋಗಿ.”

“ನಿನ್ನ ನಂಬಿ ಬಿಟ್ಟುಬಂದೆನಲ್ಲೋ! ನನ್ನ ಜಾಗಕ್ಕೆ ಬೇರೆಯವನು ಬಂದಾಯ್ತು.”

ಬಸ್ಸು ಬಂತು.

“ನಾಳೆ ಡೋಲಿನೊಳಗೆ ಬಟ್ಟೆ ತುರುಕಿ ತನ್ನಿ ಮಾವ. ಸದ್ದು ಬಂದ್ರೆ ಹಾಡು ಕೆಡುತ್ತೆ.”

ಮಾವ ಮೆಟ್ಟಿಲು ಹತ್ತುವಾಗ ಡೋಲು ಕಂಬಿಗೆ ತಗುಲಿ ಧಂ ಎಂದಿತು. ಆತ ಬೆಚ್ಚಿ, ಅಂಗೈ ಒತ್ತಿ ಅದರ ಬಾಯಿ ಮುಚ್ಚಿದ.